ಓವನ್ ಇಲ್ದೇನೂ ಕೇಕ್ ಆಗತ್ತೆ
ನಿಮ್ಮ ರವೆ ಕೇಕ್ ರೆಸಿಪೀಲಿ ಓವನ್ ಇಲ್ಲದವ್ರು ಕೇಕ್ ಆಸೆ ಬಿಡಿ ಅಂತ ಬರ್ದಿದೀರಲ್ಲ, ನಾನಂತೂ ಒಪ್ಪಲ್ಲ. ನಮ್ಮನೇಲಿ ಮಕ್ಕಳಿಗೆ ರವೆ ಕೇಕ್ ಆಗೋದು ಕುಕ್ಕರಲ್ಲೇ, ಮುಚ್ಚಳದ ಗ್ಯಾಸ್ಕೆಟ್ಟು ವೆಯ್ಟು ಎರಡೂ ತೆಗೆದು, ನೀರು ಹಾಕದೆ ತಳಕ್ಕೆ ಉಪ್ಪು ಹರಡಿ ಮೇಲೊಂದು ಸ್ಟ್ಯಾಂಡ್ ಇಟ್ಟು 10 ನಿಮಿಷ ಕಾಯ್ಸಿ, ಆಮೇಲೆ ಕೇಕ್ ಡಬ್ಬಿ ಇಟ್ಟು ಸಣ್ಣ ಉರೀಲಿ 40-45 ನಿಮಿಷ ಬಿಟ್ರೆ ಎಷ್ಟ್ ಚೆನ್ನಾಗಿ ಉಬ್ಬತ್ತೆ ಗೊತ್ತಾ. ಹಳೇ ಕುಕ್ಕರ್ ಇದ್ರೆ ಇದಕ್ಕೇ ಅಂತ ಇಟ್ಕೊಳಿ.

ಮೊಟ್ಟೆ ಬದ್ಲು ಮೊಸರು ಅಂದಿದ್ದು ಸರಿ. ಆದ್ರೆ ಸೋಡಾ ಹಾಕಿ ಕಲಸಿ ಅರ್ಧ ಗಂಟೆ ನೆನೆಸಿ ಅಂದಿದೀರಲ್ಲ, ಅದು ತಪ್ಪು, ಹುಳಿ ಮೊಸರಿಗೆ ಸೋಡಾ ಬಿದ್ದ ತಕ್ಷಣ ಗ್ಯಾಸ್ ಬರಕ್ಕೆ ಶುರು, ಅರ್ಧ ಗಂಟೇಲಿ ಅದೆಲ್ಲಾ ಹೋಗಿ ಕೇಕ್ ಗಟ್ಟಿಯಾಗತ್ತೆ. ಮೊದ್ಲು ರವೆ ನೆನೀಲಿ, ಸೋಡಾ ಕೊನೇಲಿ. ದಯವಿಟ್ಟು ಆ ಸಾಲು ತಿದ್ದಿ.