ಬಸುರಿಯ ಕೊಲೆಸ್ಟ್ರಾಲಿಗೆ ಪಂದಿಕರಿ ಬಿಡಿಸಬೇಕಾ?

ನಮ್ಮ ಕೊಡಗಿನಲ್ಲಿ ಬಸುರಿಯ ರಿಪೋರ್ಟಿನಲ್ಲಿ ಕೊಲೆಸ್ಟ್ರಾಲ್ 240 ಅಂತ ಬಂದರೆ ಸಾಕು, ಮೊದಲು ನಿಲ್ಲುವುದು ಪಂದಿಕರಿ, ಅಂದರೆ ಹಂದಿಮಾಂಸದ ಸಾರು. ಆಮೇಲೆ ಮೊಟ್ಟೆ, ತುಪ್ಪ. ಅಕ್ಕಿ ಉಂಡೆ ಕಡಂಬುಟ್ಟಿಗೆ ನಂಚಿಕೊಳ್ಳಲು ಬರೀ ತಿಳಿಸಾರು! ಪರಿಚಯದ ಒಂದು ಮನೆಯಲ್ಲಿ ಅತ್ತೆ ರಿಪೋರ್ಟ್ ಹಿಡಿದು, "ನೋಡಿ ಅಕ್ಕ, ಮಗು ದಪ್ಪ ಆಗಿಬಿಟ್ಟರೆ ಆಪರೇಷನ್ನೇ ಗತಿ" ಅಂತ ಕೂತಿದ್ದರು. ಸೊಸೆಗೆ ಏಳು ತಿಂಗಳು.

ಬಸುರಿನಲ್ಲಿ ಕೊಲೆಸ್ಟ್ರಾಲ್ ಏರಲೇಬೇಕು. ಮೊದಲಿಗಿಂತ ಕಾಲು ಭಾಗದಿಂದ ಅರ್ಧದಷ್ಟು ಜಾಸ್ತಿ ಆಗುವುದು ಮಾಮೂಲಿ. ಕೊನೆಯ ತಿಂಗಳುಗಳಲ್ಲಿ ರಕ್ತದ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ ಎರಡು, ಮೂರು ಪಟ್ಟು ಆಗುವುದೂ ಉಂಟು. ಲ್ಯಾಬಿನ ಹಾಳೆಯಲ್ಲಿ '200ರ ಒಳಗೆ' ಅಂತ ಇರುತ್ತಲ್ಲ, ಆ ಗೆರೆ ಬಸುರಿಯರಿಗೆ ಎಳೆದದ್ದಲ್ಲ. ಬಸಿರು ನಿಲ್ಲಲು ಬೇಕಾದ ಪ್ರೊಜೆಸ್ಟರಾನ್ ಹಾರ್ಮೋನನ್ನು ಮಾಸು ತಯಾರಿಸುವುದೇ ತಾಯಿಯ ಕೊಲೆಸ್ಟ್ರಾಲಿನಿಂದ. ಮಗುವಿನ ಮೆದುಳು ಬೆಳೆಯಲೂ ಕೊಲೆಸ್ಟ್ರಾಲ್ ಬೇಕು.

ತೀರಾ ಕಡಿಮೆ ಇದ್ದರೂ ಕಷ್ಟವೇ. 2007ರಲ್ಲಿ ಅಮೆರಿಕದಿಂದ ಬಂದ ಒಂದು ಅಧ್ಯಯನದಲ್ಲಿ, ನಡುವಿನ ತಿಂಗಳುಗಳಲ್ಲಿ ಕೊಲೆಸ್ಟ್ರಾಲ್ ಸುಮಾರು 160ಕ್ಕಿಂತ ಕೆಳಗಿದ್ದ ತಾಯಂದಿರಿಗೆ ತಿಂಗಳು ತುಂಬಿ ಹುಟ್ಟಿದ ಮಕ್ಕಳು ಸರಾಸರಿ 150 ಗ್ರಾಂ ಹಗುರ ಇದ್ದವು. ಒಂದೇ ಅಧ್ಯಯನ ನಂಬಿ ತುಪ್ಪದ ಡಬ್ಬಿ ಖಾಲಿ ಮಾಡಿ ಅಂತ ನಾನು ಹೇಳುತ್ತಿಲ್ಲ. ಮೊದಲೇ ಹೃದಯದ ತೊಂದರೆ ಇದ್ದವರು, ಕೊಲೆಸ್ಟ್ರಾಲ್ ಮಾತ್ರೆ ನುಂಗುತ್ತಿದ್ದವರು ಡಾಕ್ಟರನ್ನು ಕೇಳಲೇಬೇಕು. ಬಸುರಿನಲ್ಲಿ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ಸಾಮಾನ್ಯವಾಗಿ ನಿಲ್ಲಿಸುತ್ತಾರೆ.

ಮಗು ದಪ್ಪ ಆಗುತ್ತದೆ ಅನ್ನುವ ಭಯವಿದ್ದರೆ ನೋಡಬೇಕಾದ್ದು ಬಸುರಿ ಆಗುವ ಮೊದಲು ತಾಯಿಯ ತೂಕ ಎಷ್ಟಿತ್ತು, ಈಗ ಸಕ್ಕರೆ ಎಷ್ಟಿದೆ ಅನ್ನುವುದನ್ನು. ತಾಯಿಯ ರಕ್ತದ ಸಕ್ಕರೆ ನೇರ ಮಗುವಿಗೆ ದಾಟುತ್ತದೆ. ಅದನ್ನು ಕರಗಿಸಲು ಮಗು ತಾನೇ ಇನ್ಸುಲಿನ್ ಸುರಿಸುತ್ತದೆ, ಮೈ ತುಂಬಾ ಕೊಬ್ಬು ಕಟ್ಟುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರಲ್ಲ, ಆ ಪರೀಕ್ಷೆ ಆಗಿದೆಯಾ ಕೇಳಿ. 140 ಮುಟ್ಟಿದರೆ ಸಕ್ಕರೆ ಇದೆ ಅಂತ ಲೆಕ್ಕ. ತೂಕ ಜಾಸ್ತಿ ಇರುವವರಲ್ಲಿ ಟ್ರೈಗ್ಲಿಸರೈಡಿಗೂ ಮಗುವಿನ ತೂಕಕ್ಕೂ ಸ್ವಲ್ಪ ನಂಟಿದೆ, ಸುಳ್ಳಲ್ಲ. ಆದರೂ ಮೊದಲ ಪ್ರಶ್ನೆ ಸಕ್ಕರೆಯದ್ದೇ.

ಹುಟ್ಟುವಾಗಿನ ತೂಕ ಮುಂದೆ ಏನು ಮಾಡುತ್ತದೆ ಅನ್ನುವುದಕ್ಕೆ ಪಕ್ಕದ ಮೈಸೂರಿನಲ್ಲೇ ಹಳೇ ದಾಖಲೆ ಇದೆ. ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ 1954ರವರೆಗೆ ಹುಟ್ಟಿದವರನ್ನು ದೊಡ್ಡವರಾದ ಮೇಲೆ ಹುಡುಕಿ ಪರೀಕ್ಷೆ ಮಾಡಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ಸಕ್ಕರೆ ಕಾಯಿಲೆ ಜಾಸ್ತಿ ಇದ್ದದ್ದು ಗಿಡ್ಡಗೆ, ದುಂಡಗೆ ಹುಟ್ಟಿದವರಲ್ಲಿ. ಅವರ ತಾಯಂದಿರ ತೂಕವೂ ಜಾಸ್ತಿ ಇತ್ತು. ಅಂದರೆ ಎರಡೂ ಕಡೆ ಅಪಾಯ.

ನನಗೆ ಸಿಟ್ಟು ಬರುವುದು ಇಲ್ಲೇ. ತೋಟದ ಮನೆಯ ಸೊಸೆಯ ಕೊಲೆಸ್ಟ್ರಾಲ್ ಬಗ್ಗೆ ಊರೆಲ್ಲ ಮಾತಾಡುತ್ತದೆ. ಅದೇ ತೋಟದಲ್ಲಿ, ಕೂಲಿಯವರ ಲೈನ್ ಮನೆಯ ಕಡ್ಡಿಯ ಹಾಗಿರುವ ಬಸುರಿ ಕಾಫಿ ಕುಯ್ಯುತ್ತಿರುತ್ತಾಳೆ. ಅವಳ ತಾಯಿ ಕಾರ್ಡಿನಲ್ಲಿ ತೂಕ ಏರಿದೆಯಾ ಅಂತ ಯಾರು ನೋಡುತ್ತಾರೆ? ಅಂಥ ತೆಳ್ಳಗಿನ ಹೆಂಗಸು ಒಂಬತ್ತು ತಿಂಗಳಲ್ಲಿ 12.5ರಿಂದ 18 ಕೆಜಿ ಏರಬೇಕು ಅನ್ನುತ್ತದೆ ಅಮೆರಿಕದ 2009ರ ಮಾರ್ಗಸೂಚಿ. ನಮ್ಮಲ್ಲಿ ಅದರ ಅರ್ಧ ಏರಿದರೂ ಪುಣ್ಯ. ಹುಟ್ಟುವ ಮಗು ಎರಡೂವರೆ ಕೆಜಿ ಮುಟ್ಟದಿದ್ದರೆ "ಅವರ ಮೈಕಟ್ಟೇ ಹಾಗೆ" ಅಂದು ಸುಮ್ನಾಗುತ್ತೇವೆ.

ತೋಟದ ಯಜಮಾನರೇ, ಈ ಸಲ ಕುಯಿಲಿನ ಹೊತ್ತಿಗೆ ನಿಮ್ಮ ಲೈನಿನ ಬಸುರಿಯರನ್ನು ಸಂಬಳ ಕಡಿಯದೆ ಚೆಕಪ್ಪಿಗೆ ಕಳಿಸಿ. ಅಂಗನವಾಡಿಯ ಮಧ್ಯಾಹ್ನದ ಊಟಕ್ಕೆ ಹೋಗಿಬರಲು ಒಂದು ಗಂಟೆ ಬಿಡಿ. ಜೀಪು ಹೇಗೂ ಆ ಕಡೆ ಹೋಗುತ್ತಲ್ವಾ?