ಮೂರು ಇಂಚು ನಲವತ್ತು ಸೆಂಟ್

ಕೊಡಗಿನಲ್ಲಿ ಇಬ್ಬರು ಕಾಫಿ ಬೆಳೆಗಾರರು ಎದುರಾದರೆ ಕ್ಷೇಮಸಮಾಚಾರಕ್ಕಿಂತ ಮೊದಲು ಮಳೆಯ ಲೆಕ್ಕ ಬರುತ್ತದೆ. ‘ನಿಮ್ಮಲ್ಲಿ ಎಷ್ಟು?’ ‘ಒಂದು ಇಂಚು ಇಪ್ಪತ್ತು ಸೆಂಟ್.’ ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ತೋಟಗಳು ಮಾತ್ರ ಇಂಚನ್ನು ನೂರು ಸೆಂಟ್ ಮಾಡಿಕೊಂಡು ಕುಳಿತಿವೆ. ನಾಪೋಕ್ಲು ಬಳಿಯ ನಮ್ಮ ಮನೆಯಲ್ಲಿ ಅಜ್ಜ ಬೆಳಿಗ್ಗೆ ಏಳಕ್ಕೆ ಮಳೆಮಾಪಕದ ನೀರನ್ನು ಅಳೆದು, ಡೈರಿಗೆ ಬರೆದ ಮೇಲೆಯೇ ಕಾಫಿ ಕುಡಿಯುವುದು. ಆ ಡೈರಿಗಳನ್ನೆಲ್ಲ ನನ್ನ ಸಂಶೋಧನೆಗಾಗಿ ಕಂಪ್ಯೂಟರಿಗೆ ಏರಿಸುವ ಹುಮ್ಮಸ್ಸಿನಲ್ಲಿ ಈ ಕಕ್ಕಡ ತಿಂಗಳ ಮಳೆಯಲ್ಲೇ ಊರಿಗೆ ಬಂದೆ.

ಮೂರು ಇಂಚು ನಲವತ್ತು ಸೆಂಟನ್ನು ಅಜ್ಜ 3-40 ಎಂದು ಬರೆಯುತ್ತಾರೆ. ನಾನೂ ಎಕ್ಸೆಲ್‌ನಲ್ಲಿ ಹಾಗೆಯೇ ಹೊಡೆದೆ. ಅದು ನನ್ನನ್ನೊಂದು ಮಾತೂ ಕೇಳದೆ ಅದನ್ನು 1940ರ ಮಾರ್ಚ್ ಮಾಡಿತು. 3-12 ಡಿಸೆಂಬರ್ ಮೂರಾಯಿತು. ಅಜ್ಜನಿಗೆ ತೋರಿಸಿದರೆ, ‘ನಾನು ಆಗ ಹುಟ್ಟಿಯೇ ಇರಲಿಲ್ಲವಲ್ಲ’ ಎಂದರು. ನನ್ನದೊಬ್ಬನದೇ ಗೋಳಲ್ಲ ಇದು. ಮನುಷ್ಯರ ಕೆಲವು ಜೀನ್‌ಗಳ ಹೆಸರನ್ನೂ ಎಕ್ಸೆಲ್ ತಾರೀಖು ಮಾಡಿಬಿಡುತ್ತದೆಂದು, 2020ರ ವೇಳೆಗೆ ವಿಜ್ಞಾನಿಗಳು ಆ ಜೀನ್‌ಗಳಿಗೇ ಮರುನಾಮಕರಣ ಮಾಡಿದರು. ಅಳಿಯನ ನಾಲಗೆ ಹೊರಳದೆಂದು ಮಗಳ ಹೆಸರು ಬದಲಿಸಿದ ಹಾಗೆ!

ಕೊನೆಗೆ ಇಂಚಿಗೊಂದು, ಸೆಂಟಿಗೊಂದು ಕಾಲಂ ಮಾಡಿದೆ. ಚುಕ್ಕಿ ಇಡುವುದೂ ಅಪಾಯವೇ. ಮೂರು ಇಂಚು ನಾಲ್ಕು ಸೆಂಟನ್ನು 3.4 ಎಂದು ಬರೆದರೆ ಮೂವತ್ತಾರು ಸೆಂಟ್ ಮಳೆ ಪುಕ್ಕಟೆ ಸುರಿಯುತ್ತದೆ. ಪುಟಗಳ ಫೋಟೋಗಳಿಗೆ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಹೆಸರಿಟ್ಟೆ. ಅವು ತಾವಾಗಿಯೇ ಸಾಲಾಗಿ ನಿಂತವು.

2018ರ ಆಗಸ್ಟಿನ ಒಂದು ಪುಟದಲ್ಲಿ ಅಂಕಿಯೇ ಇಲ್ಲ. ‘ಡಬ್ಬ ತುಂಬಿ ಹರಿಯಿತು’ ಎಂದಷ್ಟೇ ಇದೆ. ಅದಕ್ಕಾಗಿ ಷರಾ ಎಂಬ ಕಾಲಂ ಬಂತು. ಆಮೇಲೆ ಇನ್ನೊಂದು ಸಂಶಯ: ಬೆಳಿಗ್ಗೆ ಏಳಕ್ಕೆ ಅಳೆದದ್ದು ಬಹುಪಾಲು ನಿನ್ನೆಯ ಮಳೆ, ಬರೆದದ್ದು ಇವತ್ತಿನ ತಾರೀಖಿಗೆ. ಇದನ್ನೆಲ್ಲ ಬರೆದಿಡಲು ಒಂದು ವಿವರದ ಫೈಲ್ ತೆರೆದೆ. ಈಗ ಅದು ಮಳೆಯ ಫೈಲಿಗಿಂತ ರುಚಿಯಾಗಿದೆ.

ಉಳಿದದ್ದು ಖಾಲಿ ಜಾಗಗಳು. ಜೂನ್ ತಿಂಗಳ ಒಂದು ಸಾಲಿಗೆ ಬೆರಳಿಟ್ಟು, ‘ಅಜ್ಜ, ಈ ದಿನ ಮಳೆ ಇರಲಿಲ್ಲವಾ?’ ಎಂದು ಕೇಳಿದೆ. ಅವರು ಕನ್ನಡಕ ಏರಿಸಿ ತಾರೀಖು ನೋಡಿದರು.

‘ನೀನು ಹುಟ್ಟಿದ ದಿನ ಅಲ್ಲವಾ ಇದು? ಜೀಪು ಹೂತುಹೋಗುವಷ್ಟು ಮಳೆ. ಅಳೆಯಲು ಮನೆಯಲ್ಲಿ ಯಾರಿದ್ದರು?’

ಸೊನ್ನೆ ಹಾಕಲು ಹೊರಟಿದ್ದೆ. ಅಳಿಸಿ, ವಿವರದ ಫೈಲಿನಲ್ಲಿ ಬರೆದೆ: ಖಾಲಿ ಎಂದರೆ ಮಳೆ ಇಲ್ಲವೆಂದಲ್ಲ, ಅಜ್ಜ ಮನೆಯಲ್ಲಿಲ್ಲ.