ನೀಲಿ ಮೊಟ್ಟೆ ಬೇಕು, ಹುಂಜ ಬೇಡ

ಇವತ್ತು ಬೆಳಗ್ಗೆ ಹಿತ್ತಲಿನ ಗೂಡಿನಲ್ಲಿ ಐದು ಮೊಟ್ಟೆ ಸಿಕ್ಕವು. ಎರಡು ತಿಳಿ ನೀಲಿ, ಒಂದು ಆಲಿವ್ ಹಸಿರು, ಒಂದು ಕೆನೆ ಬಣ್ಣ, ಇನ್ನೊಂದು ಚಾಕಲೇಟಿನಂಥ ಗಾಢ ಕಂದು. ಮಗಳು ದಿನಾ ಅವನ್ನು ಬಣ್ಣ ನೋಡಿ ರಟ್ಟಿನ ಡಬ್ಬಿಯಲ್ಲಿ ಜೋಡಿಸುತ್ತಾಳೆ. ನೋಡುವುದೇ ಒಂದು ಖುಷಿ.

ನಾನು ಮಂಡ್ಯ ಕಡೆಯವನು. ಈಗ ಇರುವುದು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ, ರಾಲಿ ನಗರದ ಹೊರಗೆ, ಒಂದು ಎಕರೆ ಜಾಗದಲ್ಲಿ. ಇಲ್ಲಿ ಬಣ್ಣದ ಮೊಟ್ಟೆಗಾಗಿಯೇ ಕೋಳಿ ಸಾಕುವವರು ಬಹಳ ಮಂದಿ. ಆರು ವರ್ಷದಿಂದ ನಾನೂ ಸಾಕುತ್ತಿದ್ದೇನೆ, ಮರಿ ಮಾಡಿಸುತ್ತಿದ್ದೇನೆ. ಇಲ್ಲಿಯ ರೀತಿಯಲ್ಲಿ ಮೆಚ್ಚುವುದು ಬೇಕಾದಷ್ಟಿದೆ. ಒಂದು ವಿಷಯದಲ್ಲಿ ಮಾತ್ರ ನಮ್ಮ ಅಜ್ಜಿಯ ರೀತಿಯೇ ಸರಿ ಎಂದು ಈಗ ಗಟ್ಟಿಯಾಗಿ ಅನಿಸುತ್ತಿದೆ. ಅದು ಹುಂಜದ ವಿಷಯ.

ಮೊದಲು ಬಣ್ಣದ ಮಾತು. ನೀಲಿ ಮೊಟ್ಟೆಯ ಅರಾಕಾನಾ ಕೋಳಿ ಚಿಲಿ ದೇಶದ ಮಾಪುಚೆ ಜನರ ಸೀಮೆಯದು. ಚೀನಾದ ಡಾಂಗ್‌ಷಿಯಾಂಗ್ ಎಂಬ ಹಳೇ ತಳಿಯೂ ನೀಲಿ ಮೊಟ್ಟೆ ಇಡುತ್ತದೆ. ಎಂದೋ ಒಂದು ವೈರಸ್ಸಿನ ತುಣುಕು ಕೋಳಿಯ ಜೀನಿನ ಪಕ್ಕ ಸೇರಿಕೊಂಡದ್ದರಿಂದ ಈ ನೀಲಿ ಬಂತು, ಅದೂ ಎರಡು ಕಡೆ ಬೇರೆ ಬೇರೆಯಾಗಿ ಬಂತು ಎಂಬುದು 2013ರಲ್ಲಿ ಗೊತ್ತಾಯಿತು. ನೀಲಿ ಬಣ್ಣ ಚಿಪ್ಪಿನ ಒಳಗಿನವರೆಗೂ ಇಳಿದಿರುತ್ತದೆ. ಮೊಟ್ಟೆ ಒಡೆದು ನೋಡಿದರೆ ಒಳಗೂ ನೀಲಿಯೇ. ಕಂದು ಹಾಗಲ್ಲ. ಕೊನೇ ಗಳಿಗೆಯಲ್ಲಿ ಹೊರಗಿನಿಂದ ಬಳಿದಂತೆ ಕೂರುತ್ತದೆ. ಫ್ರಾನ್ಸಿನ ಮರಾನ್ ಕೋಳಿ ಆಗತಾನೇ ಇಟ್ಟ ಮೊಟ್ಟೆಯನ್ನು ಉಗುರಿನಿಂದ ಕೆರೆದರೆ ಬಣ್ಣ ಕಿತ್ತು ಬರುತ್ತದೆ. ನೀಲಿ ಚಿಪ್ಪಿನ ಮೇಲೆ ಈ ಕಂದು ಕೂತರೆ ಆಲಿವ್ ಹಸಿರು. ಹಸಿರೆಂಬ ಬೇರೆ ಬಣ್ಣವೇ ಕೋಳಿಯಲ್ಲಿ ಇಲ್ಲ.

ನೀಲಿ ಪ್ರಬಲ ಗುಣ. ತಾಯಿ ತಂದೆ ಇಬ್ಬರಲ್ಲಿ ಒಬ್ಬರು ಕೊಟ್ಟರೂ ಸಾಕು. ಇದನ್ನು ಕೇಂಬ್ರಿಡ್ಜಿನ ತಳಿವಿಜ್ಞಾನಿ ಪನ್ನೆಟ್ 1933ರಲ್ಲೇ ತೋರಿಸಿದ್ದರು. ಅಂದರೆ ಮೊಟ್ಟೆಯನ್ನೇ ಇಡದ ಹುಂಜ ಮೊಟ್ಟೆಯ ಬಣ್ಣವನ್ನು ಹೊತ್ತು ತಿರುಗುತ್ತದೆ. ಅದರೊಳಗೆ ಏನಿದೆ ಎಂದು ನೋಡಿದರೆ ತಿಳಿಯದು. ಅದರ ಹೆಣ್ಣು ಮರಿ ಐದಾರು ತಿಂಗಳಾಗಿ ಮೊದಲ ಮೊಟ್ಟೆ ಇಟ್ಟಾಗ ಗೊತ್ತಾಗುತ್ತದೆ. ಆಲಿವ್ ಮೊಟ್ಟೆಯಿಂದ ಹುಟ್ಟಿದ ಒಂದು ಹುಂಜವನ್ನು ನಾನು ಮರಾನ್ ಹೇಂಟೆಗಳ ಜೊತೆ ಬಿಟ್ಟೆ. ಹೆಣ್ಣು ಮರಿಗಳಲ್ಲಿ ಅರ್ಧ ಇನ್ನೂ ಗಾಢ ಹಸಿರು ಇಟ್ಟವು. ಉಳಿದರ್ಧ ಬರೀ ಕಂದು. ಇಲ್ಲಿಯವರು ಇದನ್ನೆಲ್ಲ ಪುಸ್ತಕದಲ್ಲಿ ಬರೆದಿಡುತ್ತಾರೆ. ಯಾವ ಹುಂಜ, ಯಾವ ಹೇಂಟೆ, ಎಷ್ಟು ಮೊಟ್ಟೆ ಕಾವಿಗೆ ಇಟ್ಟೆವು, ಎಷ್ಟು ಒಡೆದು ಮರಿಯಾದವು ಅಂತ. ಈ ಶಿಸ್ತನ್ನು ನಾವು ಕಲಿಯಬೇಕು. ನಮ್ಮ ನಾಟಿ ಕೋಳಿಯ ಬಗ್ಗೆ ಹಳ್ಳಿಗಳಲ್ಲಿ ಇಂಥ ಲೆಕ್ಕ ಇಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಆದರೆ ಮರಿ ಮಾಡಿಸಿದರೆ ಅರ್ಧ ಗಂಡೇ ಅಲ್ವಾ? ಇಲ್ಲಿಯ ಎಷ್ಟೋ ಊರುಗಳಲ್ಲಿ ಕೆಲವು ಹೇಂಟೆ ಸಾಕಬಹುದು, ಹುಂಜ ಕೂಡದು. ಕೂಗಿದರೆ ಪಕ್ಕದ ಮನೆಯವರು ದೂರು ಕೊಡುತ್ತಾರೆ. ಹಾಗಾಗಿ ವಸಂತ ಮುಗಿದು ಬೇಸಿಗೆ ಬಂತೆಂದರೆ ‘ಹುಂಜ ಬಿಟ್ಟಿ, ಒಳ್ಳೆ ಮನೆಗೆ ಮಾತ್ರ’ ಎಂಬ ಜಾಹೀರಾತು ಎಲ್ಲ ಕಡೆ. ಹಾಗೆ ಒಳ್ಳೆ ಮನೆ ಸಿಗುವುದು ಬಹಳ ಕಡಿಮೆ. ನನಗೂ ಮೊದಲ ಸಲ ಹೀಗೇ ಆಯಿತು. ಹದಿನಾಲ್ಕು ಮರಿಯಲ್ಲಿ ಎಂಟು ಹುಂಜ. ಮರಿ ಮಾಡಿಸುವ ಮೆಷಿನ್ನಿನ ಶಾಖ 37.5 ಡಿಗ್ರಿ ಬಿಟ್ಟು ಅಲುಗದ ಹಾಗೆ ಇಪ್ಪತ್ತೊಂದು ದಿನ ಕಾದಿದ್ದೆ. ಕೊನೇ ಮೂರು ದಿನ ತೇವ ಜಾಸ್ತಿ ಮಾಡುವುದನ್ನೂ ಮರೆತಿರಲಿಲ್ಲ. ಆ ಎಂಟರ ಗತಿಯೇನು ಎಂದು ಮಾತ್ರ ಒಂದು ದಿನವೂ ಯೋಚಿಸಿರಲಿಲ್ಲ. ಯಾರೋ ಬಂದು ಒಯ್ದರು. ಆಮೇಲೆ ಅವು ಏನಾದವು ಎಂದು ನಾನು ಕೇಳಲೂ ಇಲ್ಲ. ಅದು ಇವತ್ತಿಗೂ ಚುಚ್ಚುತ್ತದೆ.

ಹೆಣ್ಣು ಮರಿ ಮಾತ್ರ ಅಂಚೆಯಲ್ಲಿ ತರಿಸಿಕೊಂಡರೆ ಆಯಿತು ಎನ್ನುವವರಿದ್ದಾರೆ. 1918ರಿಂದ ಇಲ್ಲಿ ಒಂದು ದಿನದ ಮರಿಗಳು ಅಂಚೆಯಲ್ಲಿ ಬರುತ್ತವೆ. ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯ ಬಲದಲ್ಲಿ ಎರಡು ದಿನ ಮೇವು ನೀರಿಲ್ಲದೆ ತಡೆದುಕೊಳ್ಳುತ್ತವೆ. ಆದರೆ ಆ ಹೆಣ್ಣುಮರಿಗಳ ಜೊತೆ ಒಡೆದ ಗಂಡುಗಳು ಎಲ್ಲಿ? ದೊಡ್ಡ ಮೊಟ್ಟೆ ಉದ್ಯಮದಲ್ಲಿ ಗಂಡು ಮರಿಯನ್ನು ಹುಟ್ಟಿದ ದಿನವೇ ಕೊಲ್ಲುವುದು ರೂಢಿ. ಜರ್ಮನಿ 2022ರ ಶುರುವಿನಿಂದ ತನ್ನಲ್ಲಿ ಅದನ್ನು ನಿಲ್ಲಿಸಿತು. ಹುಂಜ ನಮ್ಮ ಕಣ್ಣಿಗೆ ಬೀಳಲಿಲ್ಲ ಎಂದ ಮಾತ್ರಕ್ಕೆ ಅದು ಹುಟ್ಟಲೇ ಇಲ್ಲ ಎಂದಲ್ಲ.

ನಮ್ಮಜ್ಜಿ ಮಂಕರಿಯಲ್ಲಿ ಹುಲ್ಲು ಹಾಸಿ, ಹದಿಮೂರು ಮೊಟ್ಟೆ ಇಟ್ಟು ಯಾಟೆಯನ್ನು ಕಾವಿಗೆ ಕೂರಿಸುತ್ತಿದ್ದರು. ಹೇಂಟೆಗೆ ನಮ್ಮ ಕಡೆ ಯಾಟೆ ಅಂತಾರೆ. ಶಾಖ, ತೇವ, ಮೊಟ್ಟೆ ಹೊರಳಿಸುವುದು ಎಲ್ಲ ಅದರದ್ದೇ ಕೆಲಸ. ನನ್ನ ನೀಲಿ ಮೊಟ್ಟೆಯ ಕೋಳಿಗಳಲ್ಲಿ ಒಂದೂ ಈವರೆಗೆ ಕಾವಿಗೆ ಕೂತಿಲ್ಲ. ಪಿಳ್ಳೆಗಳು ಬೆಳೆಯುತ್ತಿದ್ದ ಹಾಗೆ ಅಜ್ಜಿ ಹುಂಜಗಳನ್ನು ಎಣಿಸುತ್ತಿದ್ದರು. ಒಂದು ಮನೆಗೆ, ಒಂದು ಮಾರಮ್ಮನ ಹಬ್ಬಕ್ಕೆ, ಒಂದು ಯುಗಾದಿ ಮಾರನೇ ದಿನದ ಹೊಸತೊಡಕಿಗೆ, ಒಂದು ಅಳಿಯ ಬಂದಾಗ. ಹುಟ್ಟಿದ ಪ್ರತಿ ಹುಂಜಕ್ಕೂ ಒಂದು ಲೆಕ್ಕ ಇತ್ತು. ಬದುಕಿರುವಷ್ಟು ದಿನ ತಿಪ್ಪೆ ಕೆದಕಿಕೊಂಡು, ರಾಗಿ ಹೆಕ್ಕಿಕೊಂಡು ಚೆನ್ನಾಗಿ ಬದುಕುತ್ತಿದ್ದವು. ಬೇಡದ ಕೋಳಿ ಎಂಬುದು ಆ ಹಟ್ಟಿಯಲ್ಲಿ ಇರಲಿಲ್ಲ.

ಎಲ್ಲವೂ ಅಲ್ಲಿ ಸರಿಯಿತ್ತು ಎಂದು ಹೇಳುತ್ತಿಲ್ಲ. ಕೊಕ್ಕರೆ ರೋಗ ಬಂದರೆ ಹಟ್ಟಿಗೆ ಹಟ್ಟಿಯೇ ಖಾಲಿಯಾಗುತ್ತಿತ್ತು. ಲಸಿಕೆ ಹಾಕಿಸುತ್ತಿದ್ದವರು ಕಡಿಮೆ. ಬಣ್ಣದ ಮರುಳೂ ನಮ್ಮಲ್ಲಿ ಇದೆ. ಕಂದು ಮೊಟ್ಟೆ ಕಂಡರೆ ನಾಟಿ ಎಂದು ನಂಬಿ ಬೆಂಗಳೂರಿನಲ್ಲಿ ಜಾಸ್ತಿ ದುಡ್ಡು ಕೊಡುತ್ತಾರೆ. ಫಾರಂ ಕೋಳಿಯಲ್ಲೂ ಕಂದು ಮೊಟ್ಟೆಯ ತಳಿಗಳಿವೆ. ಚಿಪ್ಪಿನ ಬಣ್ಣಕ್ಕೂ ರುಚಿಗೂ ಸಂಬಂಧವೇ ಇಲ್ಲ. ರುಚಿ ಕೋಳಿ ತಿಂದ ಮೇವಿನಿಂದ ಬರುವಂಥದ್ದು.

ಹೋದ ವರ್ಷ ಅಮ್ಮನಿಗೆ ವಿಡಿಯೋದಲ್ಲಿ ನೀಲಿ ಮೊಟ್ಟೆ ತೋರಿಸಿದೆ. ‘ಚೆನ್ನಾಗವೆ ಮಗ’ ಅಂದರು. ತಕ್ಷಣ ಕೇಳಿದ್ದು, ‘ಹುಂಜ ಎಷ್ಟು ಎದ್ದವೆ? ಯಾವುದಕ್ಕೆ ಇಟ್ಕಂಡಿದ್ದೀಯ?’

ಈಗ ನಾನು ಮೆಷಿನ್ನಿಗೆ ಮೊಟ್ಟೆ ಇಡುವ ಮೊದಲೇ ಅದನ್ನು ತೀರ್ಮಾನ ಮಾಡುತ್ತೇನೆ. ಯುಗಾದಿ ಮಾರನೇ ದಿನ ಇಲ್ಲಿ ನಾವು ನಾಲ್ಕು ಕನ್ನಡದ ಮನೆಯವರು ಸೇರುತ್ತೇವೆ. ಅದಕ್ಕೆ ನಾಲ್ಕು ಹುಂಜ ಸಾಕು. ಹಾಗಾಗಿ ಎಂಟೇ ಮೊಟ್ಟೆ, ಯುಗಾದಿ ಹೊತ್ತಿಗೆ ಬೆಳೆದಿರಲಿ ಎಂದು ಅಕ್ಟೋಬರಿನಲ್ಲಿ. ಅಕ್ಟೋಬರಿಗೆ ಹಳೇ ಹೇಂಟೆಗಳು ಪುಕ್ಕ ಉದುರಿಸಿಕೊಂಡು ಮೊಟ್ಟೆ ನಿಲ್ಲಿಸಿರುತ್ತವೆ. ಆ ವರ್ಷ ಮೊದಲ ಸಲ ಇಡಲು ಶುರು ಮಾಡಿದ ಕೋಳಿಗಳಿಂದಲೇ ಎಂಟು ಕೂಡಿಸಬೇಕು. ಮಗಳು ಹೇಗೂ ನೀಲಿಯನ್ನೇ ಆರಿಸಿ ಕೊಡುತ್ತಾಳೆ.